ಹೆಬ್ಬಾತಿನ ಕೊರಳಿಗೆ ರಿಬ್ಬನ್ ಕಟ್ಟಿದವರು

ಟೊರಾಂಟೊ ಪೇಟೆಯ ನಟ್ಟನಡುವೆ ಈಟನ್ ಸೆಂಟರ್ ಎಂಬ ಮಾಲ್ ಇದೆ. ಉದ್ದಾನುದ್ದ ಗಾಜಿನ ಮಾಡು, ಅದರ ಕೆಳಗೆ ಅಂತಸ್ತಿನ ಮೇಲೆ ಅಂತಸ್ತು ಅಂಗಡಿಗಳು. ಒಳಗೆ ನಿಂತು ಕತ್ತೆತ್ತಿದರೆ 60 ಹೆಬ್ಬಾತುಗಳು ಆಗಷ್ಟೇ ಕೆರೆಗೆ ಇಳಿಯಲು ಹೊರಟ ಹಿಂಡಿನಂತೆ ತೂಗುತ್ತಿರುತ್ತವೆ. ಎಲ್ಲವೂ ಫೈಬರ್‌ಗ್ಲಾಸಿನವು. ಮೈಗೆ ಬಣ್ಣ ಬಳಿದಿಲ್ಲ, ನಿಜವಾದ ಹೆಬ್ಬಾತಿನ ಫೋಟೊಗಳನ್ನೇ ಹೊದಿಸಿದ್ದಾರೆ. ಮೈಕೆಲ್ ಸ್ನೋ ಎಂಬ ಕಲಾವಿದ 1979ರಲ್ಲಿ ಮಾಡಿಕೊಟ್ಟ ಈ ಕೃತಿಯ ಹೆಸರು ‘ಫ್ಲೈಟ್ ಸ್ಟಾಪ್’. ಕೆನಡಾದ ಹೆಬ್ಬಾತು ಇಲ್ಲಿಯವರಿಗೆ ಹೊಸದಲ್ಲ. ಪಾರ್ಕಿನಲ್ಲಿ, ಕಚೇರಿಗಳ ಹುಲ್ಲುಹಾಸಿನಲ್ಲಿ ದರ್ಬಾರು ಮಾಡಿಕೊಂಡು, ಅಡ್ಡ ಬಂದವರನ್ನು ಕಚ್ಚಲು ಅಟ್ಟಿಸಿಕೊಂಡು ಬರುವ ಹಕ್ಕಿ ಅದು.

ಒಂದು ಕ್ರಿಸ್‌ಮಸ್‌ಗೆ ಮಾಲಿನವರು ಅಲಂಕಾರಕ್ಕೆಂದು ಅಷ್ಟೂ ಹಕ್ಕಿಗಳ ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿಬಿಟ್ಟರು. ಹಬ್ಬದ ಸಡಗರ, ಯಾರಿಗೇನು ನಷ್ಟ ಎಂದುಕೊಂಡಿರಬೇಕು. ಸ್ನೋಗೆ ಸಿಟ್ಟು ಬಂತು. ವೀನಸ್ ಪ್ರತಿಮೆಗೆ ಕಿವಿಯೋಲೆ ತೊಡಿಸಿದಂತಾಯಿತು ಎಂದು ದೂರಿ ಕೋರ್ಟಿಗೆ ಹೋದರು. ಹಕ್ಕಿಗಳನ್ನು ಕೊಂಡದ್ದು ಮಾಲು, ದುಡ್ಡು ಕೊಟ್ಟದ್ದೂ ಅದೇ, ತೂಗುತ್ತಿರುವುದು ಅದರದೇ ಮಾಡಿನಡಿ. ಆದರೂ 1982ರಲ್ಲಿ ಒಂಟಾರಿಯೊದ ನ್ಯಾಯಾಲಯ ಕಲಾವಿದನ ಪರ ನಿಂತಿತು. ಮಾರಿದ ಮೇಲೂ ಕೃತಿಯ ಮರ್ಯಾದೆಯ ಬಗ್ಗೆ ಮಾತಾಡುವ ಹಕ್ಕು ಮಾಡಿದವನಿಗೆ ಉಳಿದೇ ಇರುತ್ತದೆ ಎಂಬುದು ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಅಲ್ಲಿಯವರೆಗೆ ತೆಪ್ಪಗೆ ಬಿದ್ದಿದ್ದ ವಿಚಾರ; ಈ ತೀರ್ಪಿನಿಂದ ಅದಕ್ಕೆ ಜೀವ ಬಂತು. ರಿಬ್ಬನ್‌ಗಳು ಇಳಿದವು. ಕಾನೂನು ಕಾಲೇಜುಗಳಲ್ಲಿ ಇಂದಿಗೂ ಈ ಮೊಕದ್ದಮೆ ಪಾಠವಾಗಿದೆ.

ನಮ್ಮಲ್ಲೂ ಇಂಥದೊಂದು ನಡೆದಿತ್ತು. ದೆಹಲಿಯ ವಿಜ್ಞಾನ ಭವನದ ಗೋಡೆಗೆಂದು ಅಮರ್‌ನಾಥ್ ಸೆಹಗಲ್ ಮಾಡಿಕೊಟ್ಟಿದ್ದ ಕಂಚಿನ ಬೃಹತ್ ಉಬ್ಬುಶಿಲ್ಪವನ್ನು 1979ರಲ್ಲಿ ಸರಕಾರ ಕಿತ್ತು ಗೋದಾಮಿಗೆ ಎಸೆಯಿತು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ತುಂಡುಗಳನ್ನು ಕಲಾವಿದನಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಸ್ನೋಗೆ ಒಂದು ಹಬ್ಬದ ಹೊತ್ತಿಗೆ ಸಿಕ್ಕ ನ್ಯಾಯ ಸೆಹಗಲ್‌ಗೆ ದಕ್ಕಲು ಇಪ್ಪತ್ತಾರು ವರ್ಷ ಹಿಡಿಯಿತು.

ಊರಿನ ನಡುವೆ ನಿಂತ ಕಲೆಯನ್ನು ಕುರಿತು ನಾವು ಸಾಮಾನ್ಯವಾಗಿ ಕೇಳುವುದು ಚೆನ್ನಾಗಿದೆಯೋ ಇಲ್ಲವೋ ಎಂದು. ಗ್ರೇಟರ್ ಟೊರಾಂಟೊದ ಕಳೆದ ಅರವತ್ತು ವರ್ಷಗಳ ಕತೆಯನ್ನು ನೋಡಿದರೆ ಜಗಳ ಎದ್ದದ್ದು ಅಲ್ಲಿ ಅಲ್ಲ. ಈ ಜಾಗದಲ್ಲಿ ಯಾರ ಮಾತು ನಡೆಯಬೇಕು ಎಂಬುದರ ಮೇಲೆ. ದುಡ್ಡು ಕೊಟ್ಟವನದೋ, ಮಾಡಿದವನದೋ, ನಗರಸಭೆಯದೋ, ದಾರಿಹೋಕನದೋ? ಅರ್ಧಕ್ಕರ್ಧ ಜನ ಬೇರೆ ದೇಶದಲ್ಲಿ ಹುಟ್ಟಿ ಬಂದಿರುವ ಊರಿನಲ್ಲಿ ಈ ಪ್ರಶ್ನೆಗೆ ಮೊನಚು ಇನ್ನೂ ಹೆಚ್ಚು.

ಮೊದಲ ದೊಡ್ಡ ಜಗಳ 1966ರದು. ಅದರ ಹಿಂದಿನ ವರ್ಷವಷ್ಟೇ ಹೊಸ ಸಿಟಿ ಹಾಲ್ ತೆರೆದಿತ್ತು. ಫಿನ್ಲೆಂಡಿನ ವಾಸ್ತುಶಿಲ್ಪಿ ವಿಲ್ಯೊ ರೆವೆಲ್ ಕಲ್ಪಿಸಿದ ಎರಡು ಬಾಗಿದ ಗೋಪುರಗಳು, ನಡುವೆ ತಟ್ಟೆಯಂಥ ಸಭಾಂಗಣ, ಮುಂದೆ ನೇಥನ್ ಫಿಲಿಪ್ಸ್ ಚೌಕ. ಕಟ್ಟಡ ಮುಗಿಯುವ ಮೊದಲೇ ರೆವೆಲ್ ತೀರಿಕೊಂಡರು. ಚೌಕದಲ್ಲಿ ಇಂಗ್ಲೆಂಡಿನ ಹೆನ್ರಿ ಮೂರ್ ಅವರ ಕಂಚಿನ ಶಿಲ್ಪವೊಂದನ್ನು ನಿಲ್ಲಿಸಬೇಕೆಂಬ ಆಸೆ ಮೇಯರ್ ಫಿಲಿಪ್ ಗಿವೆನ್ಸ್ ಅವರ ತಲೆಗೆ ಹತ್ತಿತ್ತು. ಬೆಲೆ ಲಕ್ಷ ಡಾಲರಿನ ಆಸುಪಾಸು. ನೋಡಿದರೆ ಮನುಷ್ಯನೂ ಅಲ್ಲ, ಪ್ರಾಣಿಯೂ ಅಲ್ಲ. ಹೊಳೆಯಲ್ಲಿ ನುಣುಪಾದ ದೊಡ್ಡ ಮೂಳೆಯ ಹಾಗೆ ಕಾಣುವ ವಸ್ತು. ‘ದಿ ಆರ್ಚರ್’, ಅಂದರೆ ಬಿಲ್ಲುಗಾರ, ಎಂದು ಹೆಸರು ಬೇರೆ. ಬಿಲ್ಲೆಲ್ಲಿ, ಬಾಣವೆಲ್ಲಿ ಎಂದು ಜನ ಕೇಳಿದರೆ ತಪ್ಪೇನು?

ನಗರಸಭೆ ಸಾರ್ವಜನಿಕ ಹಣ ಕೊಡಲು ಒಪ್ಪಲಿಲ್ಲ. ಗಿವೆನ್ಸ್ ಬಿಡಲಿಲ್ಲ. ಊರಿನ ಉಳ್ಳವರ ಮನೆ ಬಾಗಿಲು ತಟ್ಟಿ ಚಂದಾ ಎತ್ತಿದರು. ಮೂರ್ ಕೂಡ ಬೆಲೆ ಇಳಿಸಿದರು. 1966ರ ಅಕ್ಟೋಬರ್ 27ರಂದು ಶಿಲ್ಪದ ಅನಾವರಣವಾಯಿತು. ಡಿಸೆಂಬರಿನ ಚುನಾವಣೆಯಲ್ಲಿ ಗಿವೆನ್ಸ್ ಸೋತರು, ವಿಲಿಯಂ ಡೆನಿಸನ್ ಗೆದ್ದರು. ಸೋಲಿಗೆ ಮೂರ್ ಶಿಲ್ಪವೇ ಕಾರಣವೆಂಬ ಮಾತು ಅಂದಿನಿಂದ ಇಂದಿನವರೆಗೂ ಚಾಲ್ತಿಯಲ್ಲಿದೆ. ಒಂದೇ ಕಾರಣಕ್ಕೆ ಯಾವ ಮೇಯರೂ ಸೋಲುವುದಿಲ್ಲ ಎನ್ನುವುದು ನನ್ನ ಅನಿಸಿಕೆ, ಆದರೆ ಆ ಮಾತು ಉಳಿದುಬಂದಿರುವುದೇ ಜಗಳದ ಬಿಸಿ ಎಷ್ಟಿತ್ತೆಂದು ತೋರಿಸುತ್ತದೆ. ಮುಂದೆ ಮೂರ್ ತಮ್ಮ ನೂರಾರು ಕೃತಿಗಳನ್ನು ಈ ಊರಿಗೇ ಕೊಟ್ಟರು. 1974ರಲ್ಲಿ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊದಲ್ಲಿ ಅವಕ್ಕಾಗಿ ಒಂದು ಕೇಂದ್ರವೇ ತೆರೆಯಿತು. ಚಂದಾ ಹಣದಲ್ಲಿ ಬಂದ ಒಂದು ಕಂಚಿನ ಮೂಳೆಯ ಬಾಲ ಹಿಡಿದು ಅಷ್ಟು ದೊಡ್ಡ ಸಂಗ್ರಹ ಬಂತು.

ಈಗ ಅಂಥ ಜಗಳ ಅಪರೂಪ. ದುಡ್ಡಿನ ದಾರಿ ಬದಲಾಗಿರುವುದು ಅದಕ್ಕೆ ಮುಖ್ಯ ಕಾರಣ. ದೊಡ್ಡ ಕಟ್ಟಡ ಕಟ್ಟುವ ಬಿಲ್ಡರ್ ಒಟ್ಟು ನಿರ್ಮಾಣ ವೆಚ್ಚದ ಶೇ 1ರಷ್ಟನ್ನು ಸಾರ್ವಜನಿಕ ಕಲೆಗೆ ತೆಗೆದಿಡಬೇಕೆಂದು ಟೊರಾಂಟೊ ನಗರ ದಶಕಗಳಿಂದ ಕೇಳುತ್ತ ಬಂದಿದೆ. ಪರವಾನಗಿಯ ಮಾತುಕತೆಯಲ್ಲೇ ಇದೂ ಇತ್ಯರ್ಥವಾಗುತ್ತದೆ. ಟೊರಾಂಟೊದಲ್ಲಿ ಕಾಂಡೊ ಗೋಪುರಗಳು ಎದ್ದ ವೇಗ ನೋಡಿದವರಿಗೆ ಈ ಶೇ 1 ಎಂದರೆ ಎಷ್ಟಾಗಬಹುದೆಂದು ಬೇರೆ ಹೇಳಬೇಕಿಲ್ಲ. ಫಲವಾಗಿ ಗೋಪುರಗಳ ಬಾಗಿಲ ಮುಂದೆಲ್ಲ ಹೊಳೆಯುವ ಉಕ್ಕಿನ ಆಕಾರಗಳು ಎದ್ದಿವೆ. ಕೆಲವು ನಿಜಕ್ಕೂ ಚೆನ್ನಾಗಿವೆ. ಹೆಚ್ಚಿನವು ಯಾರ ತಂಟೆಗೂ ಹೋಗುವುದಿಲ್ಲ, ಯಾರೂ ಅವುಗಳ ತಂಟೆಗೆ ಬರುವುದಿಲ್ಲ. ಕಲೆ ಇರುವುದು ಬಿಲ್ಡರನ ಅಂಗಳದಲ್ಲಿ, ಕಲಾವಿದನನ್ನು ಆರಿಸುವುದು ಅವನು ಕರೆದ ತಜ್ಞರ ಸಮಿತಿ. ಪಕ್ಕದ ಬೀದಿಯವನಿಗೆ ಅದು ಗೊತ್ತಾಗುವುದು ಬೇಲಿ ತೆಗೆದ ದಿನ.

ಬರ್ಸಿ ಪಾರ್ಕ್ ಹಾಗಲ್ಲ, ಅದು ನಗರದ್ದೇ ಉದ್ಯಾನ. 2017ರಲ್ಲಿ ಮಾಂಟ್ರಿಯಲ್‌ನ ಕ್ಲೋಡ್ ಕೊರ್ಮಿಯೆ ಅಲ್ಲೊಂದು ಕಾರಂಜಿ ಮಾಡಿದರು. ಹಳೇ ಯುರೋಪಿನ ಚೌಕಗಳಲ್ಲಿರುವಂಥ, ಮೆಟ್ಟಿಲು ಮೆಟ್ಟಿಲಾಗಿ ಎದ್ದ ಗಂಭೀರ ಕಾರಂಜಿ. ಆದರೆ ಸುತ್ತ ನಿಂತಿರುವುದು ದೇವತೆಗಳಲ್ಲ, 27 ನಾಯಿಗಳು. ಅವುಗಳ ಬಾಯಿಂದ ನೀರು ಚಿಮ್ಮುತ್ತದೆ, ಎಲ್ಲದರ ಕಣ್ಣೂ ತುದಿಯಲ್ಲಿರುವ ಚಿನ್ನದ ಬಣ್ಣದ ಮೂಳೆಯ ಮೇಲೆ. ಜೊತೆಗೊಂದೇ ಒಂದು ಬೆಕ್ಕು. ಅದಕ್ಕೆ ಮೂಳೆ ಬೇಡ, ಅದರ ಗಮನವೆಲ್ಲ ಹತ್ತಿರದ ಕಂಬದ ಮೇಲೆ ಕೂತ ಹಕ್ಕಿಗಳ ಕಡೆಗೆ. ಆ ಬಡಾವಣೆಯ ಕಾಂಡೊಗಳಲ್ಲಿ ನಾಯಿ ಸಾಕಿದವರು ಬಹಳ. ಬೆಳಗ್ಗೆ ಸಂಜೆ ನಾಯಿ ಹಿಡಿದು ಬರುವವರಿಗೆ ಒಬ್ಬರನ್ನೊಬ್ಬರು ಮಾತಾಡಿಸಲು ಇಲ್ಲಿ ನೆಪ ಹುಡುಕಬೇಕಿಲ್ಲ. ಲಿಫ್ಟಿನಲ್ಲಿ ಮುಖ ನೋಡದವರು ಇಲ್ಲಿ ನಾಯಿಯ ಹೆಸರು ಕೇಳುತ್ತಾರೆ.

ಯಾರೂ ಕೇಳದೆ, ಯಾರೂ ಕೊಡದೆ ಬಂದ ಕಲೆಯೂ ಈ ಊರಿನಲ್ಲಿದೆ. ಡಾನ್ ಕಣಿವೆಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗುವವರ ಕಣ್ಣಿಗೆ ಒಂದು ಸುರಂಗದ ಬಾಯಿ ಬೀಳುತ್ತದೆ. ಕಮಾನಿನ ಸುತ್ತ ಕಾಮನಬಿಲ್ಲು. 1972ರಲ್ಲಿ ಬಿ.ಸಿ. ಜಾನ್ಸನ್ ಎಂಬ ನಾರ್ವೆ ಮೂಲದ ಹದಿಹರೆಯದ ಹುಡುಗ ಬರೆದದ್ದು. ಇದೇ ರಸ್ತೆಯಲ್ಲಿ ಅಪಘಾತಕ್ಕೆ ಸಿಕ್ಕ ಗೆಳತಿಯ ನೆನಪಿಗೆ ಬರೆದ ಎಂದು ಹೇಳುತ್ತಾರೆ. ನಗರಪಾಲಿಕೆ ಅದಕ್ಕೆ ಬೂದುಬಣ್ಣ ಬಳಿಯಿತು. ಅವನು ಮತ್ತೆ ಬರೆದ. ಇವರು ಮತ್ತೆ ಬಳಿದರು. ವರ್ಷಗಟ್ಟಲೆ ನಡೆದ ಈ ಹಗ್ಗಜಗ್ಗಾಟದಲ್ಲಿ ಅವನನ್ನು ಪೊಲೀಸರು ಹಿಡಿದದ್ದೂ ಉಂಟು. ಆದರೆ ದಿನಾ ಆ ದಾರಿಯಲ್ಲಿ ಕೆಲಸಕ್ಕೆ ಹೋಗಿ ಬರುವ ಸಾವಿರಾರು ಜನರಿಗೆ ಟ್ರಾಫಿಕ್ ನಡುವೆ ಕಾಣುವ ಆ ಬಣ್ಣ ಮನೆ ಹತ್ತಿರವಾಯಿತೆಂಬ ಗುರುತಾಗಿತ್ತು. ಚಿಕ್ಕಂದಿನಲ್ಲಿ ಕೆನಡಾದಲ್ಲಿ ಬೆಳೆದ ಚಿತ್ರಕಾರ ಪೀಟರ್ ಡಾಯ್ಗ್ ಅದೇ ಸುರಂಗವನ್ನು 1999ರಲ್ಲಿ ತೈಲವರ್ಣದಲ್ಲಿ ಬಿಡಿಸಿದರು. ಆ ಚಿತ್ರ 2014ರಲ್ಲಿ ಲಂಡನ್ನಿನ ಹರಾಜಿನಲ್ಲಿ 80 ಲಕ್ಷ ಪೌಂಡಿಗೂ ಮಿಕ್ಕಿದ ಬೆಲೆಗೆ ಹೋಯಿತು. ಅಷ್ಟರಲ್ಲಿ ಪಾಲಿಕೆಯೂ ಸೋಲೊಪ್ಪಿತ್ತು. ‘ಮ್ಯೂರಲ್ ರೂಟ್ಸ್’ ಎಂಬ ಸಂಸ್ಥೆ ಸುತ್ತಲಿನ ಯುವಕರನ್ನು ಕಟ್ಟಿಕೊಂಡು 2012ರಲ್ಲಿ ಅದನ್ನು ಹೊಸದಾಗಿ ಬರೆಯಿತು. ಬೂದುಬಣ್ಣ ಹೊತ್ತು ಬರುತ್ತಿದ್ದ ಊರೇ ಈಗ ಅದರ ಕಾವಲು.

ಅದೇ ಹೊತ್ತಿಗೆ ಮೇಯರಾಗಿದ್ದ ರಾಬ್ ಫೋರ್ಡ್ ಗೋಡೆಬರಹದ ವಿರುದ್ಧ ಸಮರ ಸಾರಿ, ನೀರಿನ ಪಿಚಕಾರಿ ಹಿಡಿದು ಗೋಡೆ ತೊಳೆಯುತ್ತ ಪತ್ರಿಕೆಗಳಿಗೆ ಪೋಸ್ ಕೊಟ್ಟಿದ್ದರು. ತಮಾಷೆಯೆಂದರೆ ಆ ಸಮರದ ಹೊಟ್ಟೆಯಲ್ಲೇ 2012ರಲ್ಲಿ ‘ಸ್ಟ್ರೀಟ್ ಆರ್ಟ್ ಟೊರಾಂಟೊ’ ಎಂಬ ನಗರದ ಯೋಜನೆ ಹುಟ್ಟಿತು. ಅಳಿಸುವ ಖರ್ಚಿಗಿಂತ ಬರೆಸುವ ಖರ್ಚು ವಾಸಿ, ಚೆನ್ನಾಗಿ ಬರೆದ ಗೋಡೆಯ ಮೇಲೆ ಇನ್ನೊಬ್ಬ ಗೀಚುವುದು ಕಡಿಮೆ ಎಂಬುದು ಲೆಕ್ಕಾಚಾರ. ಮೇಲ್ಸೇತುವೆಗಳ ಅಡಿ, ಸಿಗ್ನಲ್ ಪೆಟ್ಟಿಗೆಗಳ ಮೇಲೆ, ಅಂಗಡಿಗಳ ಪಕ್ಕದ ಗೋಡೆಗಳಲ್ಲಿ ಇಂದು ಕಾಣುವ ಬಣ್ಣದಲ್ಲಿ ಇದರ ಪಾಲು ದೊಡ್ಡದು. ನಮ್ಮ ಕಡೆ ಈ ನಂಟು ಉಲ್ಟಾ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಕೃತಕ ಮೊಸಳೆ ಬಿಟ್ಟಾಗ ಪಾಲಿಕೆ ಓಡಿಬಂದು ಗುಂಡಿ ಮುಚ್ಚಿತು. ಅಲ್ಲಿ ಕಲೆ ಅಳಿದುಹೋದದ್ದೇ ಅದರ ಗೆಲುವು.

ಕಾಪಾಡುವುದು ನಿಲ್ಲಿಸಿದಷ್ಟು ಸುಲಭವಲ್ಲ. 1978ರಲ್ಲಿ ಸ್ಪಡೈನಾ ಸಬ್‌ವೇ ಮಾರ್ಗ ತೆರೆದಾಗ ಹಲವು ನಿಲ್ದಾಣಗಳಿಗೆ ಒಬ್ಬೊಬ್ಬ ಕಲಾವಿದರಿಂದ ಕೆಲಸ ಮಾಡಿಸಿದ್ದರು. ಗ್ಲೆನ್‌ಕೇರ್ನ್ ನಿಲ್ದಾಣದ ಗಾಜಿನ ಮಾಡಿನ ಉದ್ದಕ್ಕೂ ರೀಟಾ ಲೆಟಾಂಡ್ರ್ ಕಿತ್ತಳೆ, ಹಳದಿ ಪಟ್ಟೆಗಳನ್ನು ಬಳಿದರು. ಹೆಸರು ‘ಜಾಯ್’. ಬಿಸಿಲು ಬಿದ್ದರೆ ಪ್ಲಾಟ್‌ಫಾರಂ ಮೇಲೆ ನಿಂತವರ ಕೋಟು, ಕೈಚೀಲ, ಮುಖದ ಮೇಲೆಲ್ಲ ಬಣ್ಣ ಹರಿಯುತ್ತಿತ್ತು. ಅದೇ ಬಿಸಿಲು ಬಣ್ಣವನ್ನು ತಿನ್ನುತ್ತ ಹೋಯಿತು. ಮಂಕಾದ ಕೃತಿಯನ್ನು ಇಳಿಸಬೇಕಾಯಿತು, ಬರಿಗಾಜಿನ ಕೆಳಗೆ ಒಂದು ತಲೆಮಾರಿನ ಪ್ರಯಾಣಿಕರು ರೈಲು ಕಾದರು. 2020ರಲ್ಲಿ ‘ಜಾಯ್’ ಮರಳಿ ಬಂತು. ಕಲಾವಿದೆ ತೀರಿಕೊಂಡದ್ದು ಅದರ ಮುಂದಿನ ವರ್ಷ.

ಸಿಟಿ ಹಾಲ್ ಮುಂದಿನ ಊರ ಹೆಸರಿನ ಫಲಕದ್ದು ಬೇರೆಯೇ ಕತೆ. 2015ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟಕ್ಕೆಂದು ತಂದಿಟ್ಟ, 3 ಮೀಟರ್ ಎತ್ತರ, 22 ಮೀಟರ್ ಉದ್ದದ ದೀಪದ ಅಕ್ಷರಗಳು. ಕೂಟ ಮುಗಿದ ಮೇಲೆ ತೆಗೆಯುವ ಏರ್ಪಾಡಿತ್ತು. ಜನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ನಿಲ್ಲಿಸಲೇ ಇಲ್ಲ. ಫಲಕ ಉಳಿಯಿತು, ಸವೆಯಿತು, 2020ರಲ್ಲಿ ಗಟ್ಟಿಯಾದ ಹೊಸದು ಬಂತು. ಅದಕ್ಕೂ ಮೊದಲೇ ಒಂದು ತುದಿಗೆ ಮೇಪಲ್ ಎಲೆ, ಆಮೇಲೆ ಮೂಲನಿವಾಸಿಗಳ ಮೆಡಿಸಿನ್ ವೀಲ್ ಸೇರಿತ್ತು. ಇದು ಕಲೆಯೇ, ಜಾಹೀರಾತೇ ಎಂದು ಮೂಗು ಮುರಿಯುವವರಿದ್ದಾರೆ. ಅವರಲ್ಲಿ ನಾನೂ ಒಬ್ಬ. ಆದರೆ ನಮ್ಮವರ ಮನೆಗಳಲ್ಲಿ, ಊರಿನಿಂದ ಬಂದ ಅಪ್ಪ ಅಮ್ಮ ಮೊದಲ ವಾರ ತೆಗೆಸಿಕೊಂಡ ಫೋಟೊದ ಹಿಂದೆ ಇರುವುದು ಆರ್ಚರ್ ಅಲ್ಲ, ಈ ಅಕ್ಷರಗಳು. ಶಿಲ್ಪವೋ, ಇದ್ದದ್ದು ಇದ್ದಲ್ಲೇ, ಐವತ್ತು ಹೆಜ್ಜೆ ಆಚೆ.

ನಿಲ್ಲಿಸಿದ್ದನ್ನು ಕೆಡವುವ ಕತೆಯೂ ಇದೆ. ಎಗರ್ಟನ್ ರೈಯರ್‌ಸನ್ ಒಂಟಾರಿಯೊದ ಶಾಲಾ ವ್ಯವಸ್ಥೆಯನ್ನು ಕಟ್ಟಿದಾತ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರೆ ಮಾಡಿ ಇಟ್ಟ ವಸತಿ ಶಾಲೆಗಳ ಕಲ್ಪನೆಗೂ ಆತನ ಬರಹ ಬುನಾದಿಯಾಗಿತ್ತು. ಆತನ ಹೆಸರಿನ ವಿಶ್ವವಿದ್ಯಾಲಯದ ಎದುರಿದ್ದ ಪ್ರತಿಮೆಯ ಬುಡಕ್ಕೆ, 2021ರ ಮೇ ತಿಂಗಳಲ್ಲಿ ಕಾಮ್‌ಲೂಪ್ಸ್‌ನ ಅಂಥದೊಂದು ಹಳೆಯ ಶಾಲೆಯ ಬಳಿ ಮಕ್ಕಳ ಗುರುತಿಲ್ಲದ ಸಮಾಧಿಗಳಿರಬಹುದೆಂಬ ಸುದ್ದಿ ಬಂದ ಮೇಲೆ, ಜನ ಪುಟ್ಟ ಪುಟ್ಟ ಬೂಟು ಚಪ್ಪಲಿಗಳನ್ನು ತಂದಿಟ್ಟರು. ಜೂನ್ 6ರಂದು ಹಗ್ಗ ಕಟ್ಟಿ ಪ್ರತಿಮೆಯನ್ನು ಉರುಳಿಸಿದರು. ಅದನ್ನು ಮತ್ತೆ ನಿಲ್ಲಿಸುವುದಿಲ್ಲವೆಂದಿತು ವಿಶ್ವವಿದ್ಯಾಲಯ. ಮರುವರ್ಷ ತನ್ನ ಹೆಸರನ್ನೇ ಟೊರಾಂಟೊ ಮೆಟ್ರೊಪಾಲಿಟನ್ ಎಂದು ಬದಲಿಸಿಕೊಂಡಿತು. ಹಗ್ಗ ಎಳೆದದ್ದು ಸರಿಯೇ ಎಂಬ ವಾದ ಇನ್ನೂ ಮುಗಿದಿಲ್ಲ. ಆ ಬೂಟುಗಳನ್ನು ತಂದಿಟ್ಟವರೂ ಅಲ್ಲೊಂದು ಸಾರ್ವಜನಿಕ ಕಲೆ ಮಾಡಿದ್ದರು, ಅದಕ್ಕೆ ಪರವಾನಗಿಯಾಗಲಿ ಶೇ 1ರ ಹಣವಾಗಲಿ ಬೇಕಾಗಿರಲಿಲ್ಲ ಎಂದಷ್ಟೇ ನಾನು ಹೇಳಬಲ್ಲೆ.

ವಲಸೆ ಬಂದ ಸಮುದಾಯಗಳು ಇಲ್ಲಿ ಕಾಲೂರಿದ ಮೇಲೆ ಮಾಡುವ ಕೆಲಸಗಳಲ್ಲಿ ಊರಿನ ಜಾಗದಲ್ಲಿ ಒಂದು ಕಲ್ಲು ನೆಡುವುದೂ ಒಂದು. ಯೂನಿಯನ್ ಸ್ಟೇಷನ್ ಎದುರು ಇಟಾಲಿಯನ್ ಕೆನಡಿಯನ್ನರು 1985ರಲ್ಲಿ ಕೊಟ್ಟ ಬಹುಸಂಸ್ಕೃತಿಯ ಸ್ಮಾರಕವಿದೆ. ರಾಕಿ ಪರ್ವತಗಳಲ್ಲಿ ರೈಲು ಹಳಿ ಹಾಕುತ್ತ ಸತ್ತ ಚೀನೀ ಕೂಲಿಗಳಿಗೆ 1989ರಲ್ಲಿ ಕ್ರೀಡಾಂಗಣದ ಬಳಿ ಸ್ಮಾರಕ ಎದ್ದಿತು. ಇವುಗಳ ವಿಷಯದಲ್ಲಿ ಯಾರೂ ಹುಬ್ಬು ಗಂಟಿಕ್ಕಲಿಲ್ಲ.

ಬ್ರಾಂಪ್ಟನ್‌ನದು ಅಷ್ಟು ಸಲೀಸಾಗಲಿಲ್ಲ. ಟೊರಾಂಟೊದ ವಾಯವ್ಯಕ್ಕಿರುವ, 2021ರ ಜನಗಣತಿಯಂತೆ ಆರೂವರೆ ಲಕ್ಷ ಜನರ ಈ ನಗರದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದಕ್ಷಿಣ ಏಷ್ಯಾ ಮೂಲದವರು. 2021ರ ಜನವರಿಯಲ್ಲಿ ಶ್ರೀಲಂಕಾದ ಜಾಫ್ನಾ ವಿಶ್ವವಿದ್ಯಾಲಯದ ಆವರಣದಲ್ಲಿದ್ದ, ಅಂತರ್ಯುದ್ಧದ ಕೊನೆಯಲ್ಲಿ ಸತ್ತ ತಮಿಳರ ನೆನಪಿನ ಮುಳ್ಳಿವಾಯ್ಕಾಲ್ ಸ್ಮಾರಕವನ್ನು ರಾತ್ರೋರಾತ್ರಿ ಕೆಡವಿದರು. ಅದಾದ ಕೆಲವೇ ದಿನಗಳಲ್ಲಿ ಬ್ರಾಂಪ್ಟನ್ ನಗರಸಭೆ ತನ್ನ ನೆಲದಲ್ಲಿ ತಮಿಳರ ನರಮೇಧದ ಸ್ಮಾರಕ ಕಟ್ಟಲು ಒಪ್ಪಿತು. 2025ರ ಮೇ 10ರಂದು ಚಿಂಗುವಾಕೂಸಿ ಪಾರ್ಕಿನಲ್ಲಿ ಅದು ಅನಾವರಣಗೊಂಡಾಗ ಶ್ರೀಲಂಕಾ ಸರಕಾರ ಕೆನಡಾದ ಹೈಕಮಿಷನರನ್ನು ಕರೆಸಿ ಆಕ್ಷೇಪಿಸಿತು. ಅಲ್ಲಿ ನಡೆದದ್ದು ನರಮೇಧವೇ ಅಲ್ಲ ಎಂಬುದು ಅದರ ವಾದ. ಸಾಗರದಾಚೆ ಅಳಿದ ಕಲ್ಲೊಂದು ಮಕ್ಕಳು ಜಾರುಬಂಡೆ ಆಡುವ ಪಾರ್ಕಿನಲ್ಲಿ ಎದ್ದು, ಎರಡು ದೇಶಗಳ ರಾಜತಾಂತ್ರಿಕರಿಗೆ ಕೆಲಸ ಕೊಟ್ಟಿತು. ಅದೇ ವರ್ಷ ಆಗಸ್ಟಿನಲ್ಲಿ ಮಿಸಿಸಾಗಾದ ಹಿಂದೂ ಹೆರಿಟೇಜ್ ಸೆಂಟರಿನಲ್ಲಿ 51 ಅಡಿಯ ರಾಮನ ಮೂರ್ತಿ ನಿಂತಿತು. ಅದು ದೇವಸ್ಥಾನದ ಸ್ವಂತ ಜಾಗ, ಅಲ್ಲಿ ಭಕ್ತರದೇ ಮಾತು. ಪಾರ್ಕಿನದು ಹಾಗಲ್ಲ. ಅಲ್ಲಿ ನಿಂತದ್ದಕ್ಕೆ ಊರಿನ ಪ್ರತಿ ತೆರಿಗೆದಾರನೂ ಪಾಲುದಾರ, ಒಪ್ಪದವನೂ ಕೂಡ. ವ್ಯತ್ಯಾಸ ಬಹಳ ದೊಡ್ಡದು, ಮತ್ತು ನಮ್ಮವರು ಚಂದಾ ಎತ್ತುವಾಗ ಇದನ್ನು ಮರೆಯುವುದೇ ಹೆಚ್ಚು.

ಪ್ರತಿಮೆ ಯಾರದಾದರೂ ಆಗಲಿ, ಜಾಗದ ತಕರಾರು ನಮಗೆ ಹೊಸದಲ್ಲ. ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಹದಿನೆಂಟು ವರ್ಷ ಮುಸುಕು ಹೊದ್ದು ನಿಂತಿದ್ದರು. 2009ರ ಆಗಸ್ಟಿನಲ್ಲಿ ಮುಸುಕು ತೆಗೆದದ್ದು, ಕೆಲವೇ ದಿನಗಳಲ್ಲಿ ಚೆನ್ನೈನಲ್ಲಿ ಸರ್ವಜ್ಞನನ್ನು ನಿಲ್ಲಿಸುವ ಒಪ್ಪಂದದೊಂದಿಗೆ. ಹೊರದೇಶದಲ್ಲಿ ಕನ್ನಡಿಗರ ದೊಡ್ಡ ಸಾಧನೆಯೆಂದರೆ ಲಂಡನ್ನಿನ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲ್ ಅದಕ್ಕಾಗಿ ಓಡಾಡಿದ್ದು ಕಡಿಮೆಯೇನಲ್ಲ. 1854ರ ಕಾಯ್ದೆಯೊಂದರ ಪ್ರಕಾರ ಬ್ರಿಟಿಷ್ ಸರಕಾರದ ಒಪ್ಪಿಗೆಯೇ ಬೇಕಿತ್ತು.

ಟೊರಾಂಟೊ ಸುತ್ತಿನಲ್ಲಿ ಕನ್ನಡದ ಗುರುತು ಬಹುಮಟ್ಟಿಗೆ ಇನ್ನೂ ಬಾಡಿಗೆ ಸಭಾಂಗಣದ ಒಳಗೇ ಇದೆ. ರಾಜ್ಯೋತ್ಸವದ ದಿನ ವೇದಿಕೆಯ ಹಿಂದೆ ಭುವನೇಶ್ವರಿಯ ಪರದೆ ಏರುತ್ತದೆ, ರಾತ್ರಿ ಹನ್ನೊಂದಕ್ಕೆ ಮಡಚಿ ಯಾರದೋ ಕಾರಿನ ಡಿಕ್ಕಿ ಸೇರುತ್ತದೆ. ಇಲ್ಲೂ ಒಂದು ಪ್ರತಿಮೆ ಬೇಕೆಂಬ ಮಾತು ಊಟದ ಸಾಲಿನಲ್ಲಿ ಆಗಾಗ ಬರುತ್ತದೆ. ಬಸವಣ್ಣನೋ, ಕುವೆಂಪುವೋ, ಕೆಂಪೇಗೌಡನೋ ಎಂದು ಅಲ್ಲೇ ಮೂರು ಬಣ. ನನ್ನನ್ನು ಕೇಳಿದರೆ ಪ್ರತಿಮೆ ಬೇಡವೇ ಬೇಡ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ಒಂದು ಕೆಳಸೇತುವೆಯ ಗೋಡೆಗೆ ತರೋಣ ಎನ್ನುತ್ತೇನೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಗೆರೆಗಳೆಲ್ಲ ಲೆಕ್ಕದವು, ಮಕ್ಕಳು ಕಲಿಯಬಹುದು. ಆ ಬೀದಿಯ ಪಂಜಾಬಿ, ತಮಿಳು, ಜಮೈಕನ್ ಮಕ್ಕಳೂ ಕುಂಚ ಹಿಡಿಯಬಹುದು. ಕುವೆಂಪು ಪ್ರತಿಮೆಗೆ ಅವರು ಹಾರ ಹಾಕಲು ಬರುವುದು ಅನುಮಾನ. ನಗರದ ಬೀದಿಕಲಾ ಯೋಜನೆಗಳ ಚೌಕಟ್ಟಿಗೂ ಇದು ಹೊಂದುತ್ತದೆ.

ತೊಡಕಿರುವುದು ಬೇರೆ ಕಡೆ. ಅಕ್ಕಿಹಿಟ್ಟು ಇಲ್ಲಿಯ ಒಂದು ಹಿಮಗಾಲವನ್ನೂ ತಾಳುವುದಿಲ್ಲ, ಅಕ್ರಿಲಿಕ್ಕೇ ಗತಿ. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಚಕ್ರಗಳಿಂದ ಸಿಡಿದು, ನೆಲದಿಂದ ಮೊಣಕಾಲೆತ್ತರದವರೆಗಿನ ಬಣ್ಣವನ್ನು ಮೊದಲು ತಿನ್ನುತ್ತದೆ. ಅಲ್ಲಿ ಊರಿನಲ್ಲಿ ಮದುವೆ ಬಂದಾಗಲೆಲ್ಲ ಹಸೆಯನ್ನು ಹೊಸದಾಗಿ ಬರೆಯುವುದುಂಟು, ಯಾರೂ ಹೇಳಬೇಕಾಗಿಲ್ಲ. ಇಲ್ಲಿ ಉದ್ಘಾಟನೆಗೆ ರೇಷ್ಮೆ ಸೀರೆ, ಜುಬ್ಬಾದಲ್ಲಿ ಇನ್ನೂರು ಜನ ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಮೂರನೇ ವರ್ಷದ ಮೇ ತಿಂಗಳಲ್ಲಿ, ಉಪ್ಪು ತೊಳೆದು ಕೆಳಗಿನ ಸಾಲನ್ನು ಮತ್ತೆ ಬರೆಯಲು ಶನಿವಾರ ಬೆಳಗ್ಗೆ ಬಕೆಟ್ ಹಿಡಿದು ಬರುವ ಹತ್ತು ಜನರ ಪಟ್ಟಿ ಸಂಘದ ಕಾರ್ಯದರ್ಶಿಯ ಬಳಿ ಈಗಲೇ ಇದ್ದರೆ ಅರ್ಜಿ ಹಾಕಬಹುದು.